ಬೆರಳು ಹೋಗಲಿ, ಮಂಕು ಇರಲಿ

ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಅರ್ಧಕ್ಕೆ ಬಿಟ್ಟರೆ ನೀವೂ ಚನ್ನಗಿರಿಯ ಅರ್ಧ ಊರಿನ ಹಾಗೆ ಜ್ಯೋತಿಲಕ್ಷ್ಮಿಯನ್ನೇ ಬೈದುಕೊಂಡು ಮನೆ ಸೇರುತ್ತೀರಿ. ಆಮೇಲೆ ಬೈಯಬೇಕು ಅನ್ನಿಸಿದರೆ ಬೈಯಿರಿ, ಆದರೆ ಪೂರ್ತಿ ಕೇಳಿ ಬೈಯಿರಿ.

ಜ್ಯೋತಿಲಕ್ಷ್ಮಿ ಅಂದರೆ ಸಂತೇಬೆನ್ನೂರು ರಸ್ತೆಯಲ್ಲಿ ಗಾದ್ರಪ್ಪನ ಚಹಾದಂಗಡಿಯ ಎದುರಿಗೆ ವಾಟರ್ ಸರ್ವಿಸ್ ಇಟ್ಟುಕೊಂಡವಳು. ವಯಸ್ಸು ಇಪ್ಪತ್ತೇಳು. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ಪೇಂಟಿಂಗ್, ಪಾಲಿಶ್ ಎಲ್ಲ ಕಲಿತು ಬಂದು, ಅವ್ವ ಭೀಮಕ್ಕನ ಜೊತೆ ಸೇರಿ ತಗಡಿನ ಶೆಡ್ಡು ಎಬ್ಬಿಸಿದವಳು. ಊರಲ್ಲಿ ಇನ್ನೂ ನಾಲ್ಕು ವಾಟರ್ ಸರ್ವಿಸ್ ಇವೆ. ಅಲ್ಲೆಲ್ಲ ಪೈಪು ಹಿಡಿದು ನೀರು ಹೊಡೆಯುತ್ತಾರೆ, ಸೋಪಿನ ನೊರೆ ಬಿಡುತ್ತಾರೆ, ಒಳಗೊಂದು ಸೆಂಟಿನ ಡಬ್ಬಿ ಇಟ್ಟು ಕಳಿಸುತ್ತಾರೆ. ಜ್ಯೋತಿ ಕಲೆ ತೆಗೆಯುತ್ತಾಳೆ. ಡಾಂಬರು, ಕಾಗೆ ಹಿಕ್ಕೆ, ಮದುವೆ ಕಾರಿಗೆ ಹೂವು ಅಂಟಿಸಿದ ಟೇಪಿನ ಗೋಂದು, ಆಲದ ಮರದ ಹಾಲು, ಯಾವುದನ್ನು ಹೇಗೆ ಒಲಿಸಿ ಎಬ್ಬಿಸಬೇಕು ಅನ್ನುವುದು ಅವಳ ಬೆರಳಿಗೆ ಗೊತ್ತು. ಹೊನ್ನಾಳಿಯ ಹಲ್ಲಿನ ಡಾಕ್ಟರು ಅವಳ ಹತ್ತಿರವೇ ಬರುತ್ತಾರೆ. ಜಗಳೂರಿನ ಶಾಂತಾದೇವಿ ಮೇಡಂ, ಹೈಸ್ಕೂಲ್ ಟೀಚರು, ದಾವಣಗೆರೆಯ ದೊಡ್ಡ ದೊಡ್ಡ ಗಾಜಿನ ಅಂಗಡಿಗಳನ್ನೆಲ್ಲ ದಾಟಿಕೊಂಡು ಅವಳ ತಗಡಿನ ಶೆಡ್ಡಿಗೆ ಕಾರು ತಂದು ನಿಲ್ಲಿಸುತ್ತಾರೆ. ಜ್ಯೋತಿಗೆ ಇದ್ದ ಆಸ್ತಿ ಇಷ್ಟೇ ನೋಡಿ. ಅವಳ ಕೈ ಮುಟ್ಟಿದರೆ ಬಣ್ಣಕ್ಕೆ ಏನೂ ಆಗುವುದಿಲ್ಲ ಅನ್ನುವ ಹೆಸರು.

ಇನ್ನು ಪಂಚಾಕ್ಷರಪ್ಪನವರು. ಅಡಿಕೆ ಮಂಡಿ, ನಲ್ಲೂರಿನ ಕಡೆ ತೋಟ, ಊರಿನ ನಡುವೆ ಮೂರಂತಸ್ತಿನ ಮನೆ. ಆಯುಧಪೂಜೆಯ ದಿನ ಅವರ ಮನೆ ಮುಂದೆ ಮುತ್ತಿನ ಬಿಳಿಯ ದೊಡ್ಡ ಕಾರು ಬಂದು ನಿಂತಿತು. ಕೊಡಿಸಿದವರು ನ್ಯಾಮತಿಯ ಬೀಗರು. ಮಗ ವಿನಯ್ ಕುಮಾರನಿಗೆ ಮೇ ತಿಂಗಳಲ್ಲಿ ಅಲ್ಲಿಯ ರಮ್ಯಶ್ರೀ ಜೊತೆ ಮದುವೆಯಾಗಿತ್ತು. ನಾವು ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಅವರೇ ಪ್ರೀತಿಗೆ ಕೊಟ್ಟರು ಎಂದು ಪಂಚಾಕ್ಷರಪ್ಪನವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಏನೂ ಕೇಳದ ಈ ಮಹಾನುಭಾವರು ಬಣ್ಣವನ್ನು ತಾವೇ ಆರಿಸಿದ್ದರು, ಮಾಡೆಲ್ಲನ್ನು ತಾವೇ ಹೇಳಿದ್ದರು, ಮೇಲೆ ಆಕಾಶ ಕಾಣುವ ಗಾಜು ಇರಲೇಬೇಕು ಅಂತ ಎರಡು ಸಲ ಫೋನು ಮಾಡಿಸಿದ್ದರು.

ಈಗ ಕಲೆಯ ವಿಷಯಕ್ಕೆ ಬರೋಣ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ಚೊಗರು ಅಂತಾರೆ. ಬತ್ತಿಸಿ ಗಟ್ಟಿ ಮಾಡಿಟ್ಟರೆ ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಆಗುತ್ತದೆ. ಅಡಿಕೆ ಸೀಮೆಯಲ್ಲಿ ಹುಟ್ಟಿದ ಚಿಕ್ಕ ಮಗುವಿಗೂ ಗೊತ್ತು, ಅಂಗಿಗೆ ಚೊಗರು ಬಿದ್ದರೆ ಆ ಅಂಗಿ ಇನ್ನು ತೋಟಕ್ಕೇ ಮೀಸಲು. ಪಂಚಾಕ್ಷರಪ್ಪನವರ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಮನೆಗೆ ಹೊಸದಾಗಿ ಏನೇ ಬರಲಿ, ಆ ವರ್ಷದ ಮೊದಲ ಹಂಡೆಯ ಚೊಗರಿಗೆ ಚಿಟಿಕೆ ಸುಣ್ಣ ಕಲಸಿ, ಮನೆಯ ಹಿರಿಯ ಹೆಂಗಸು ಅದರಲ್ಲಿ ಅಂಗೈ ಅದ್ದಿ ಮುದ್ರೆ ಒತ್ತಬೇಕು. ತಕ್ಕಡಿಗೆ ಒತ್ತಿದ್ದರು, ಟ್ರ್ಯಾಕ್ಟರಿಗೆ ಒತ್ತಿದ್ದರು, ಬೀರುವಿಗೆ, ಫ್ರಿಜ್ಜಿಗೆ ಕೂಡ. ಫ್ರಿಜ್ಜಿನ ಬಾಗಿಲಲ್ಲಿ ಇವತ್ತಿಗೂ ಐದು ಬೆರಳು ಕಾಣುತ್ತವೆ.

ಪಂಚಾಕ್ಷರಪ್ಪನವರ ತಾಯಿ ಸರ್ವಮಂಗಳಮ್ಮನವರಿಗೆ ಎಂಬತ್ತರ ಮೇಲಾಗಿದ್ದರೂ ಬುದ್ಧಿ ನೆಟ್ಟಗಿತ್ತು. ಹೊಳೆಯುವ ಕಾರಿಗೆ ಕುಂಕುಮ ಸಾಕಲ್ಲವೇನೋ ಅಂದರು. ಮಗ ಕೇಳಬೇಕಲ್ಲ. ಟ್ರ್ಯಾಕ್ಟರಿಗೆ ಇದ್ದ ಭಾಗ್ಯ ಕಾರಿಗೆ ಬೇಡವಾ ಅಂದರು. ಬೀಗರು ಕೊಟ್ಟದ್ದಾದರೂ ಇದು ನಮ್ಮ ಮನೆಯದು ಅಂತ ನಾಲ್ಕು ಜನಕ್ಕೆ ಕಾಣಬೇಕು ಅನ್ನುವುದು ಅವರ ಒಳಗಿನ ಆಸೆ. ಅಜ್ಜಿ ನಾಲ್ಕು ಬಾಗಿಲಿಗೆ ನಾಲ್ಕು ಅಂಗೈ ಒತ್ತಿದರು, ಬಾನೆಟ್ಟಿಗೆ ಮೂರು ಬೆರಳಲ್ಲಿ ಮೂರು ಗೆರೆ ಎಳೆದರು. ಸೋಮವಾರದವರೆಗೆ ನೀರು ಸೋಕಿಸಬಾರದು ಎಂದು ಯಜಮಾನರ ಅಪ್ಪಣೆಯಾಯಿತು. ಐದು ದಿನ ಕಾರು ಬಿಸಿಲಲ್ಲಿ ಕಾಯಿತು. ಸುಣ್ಣ ಬೆರೆತ ಚೊಗರು ಐದು ದಿನ ಬಿಸಿಲಲ್ಲಿ ಹೊಸ ಬಣ್ಣದ ಮೇಲೆ ಕೂತರೆ ಏನಾಗುತ್ತದೆ ಅಂತ ಕೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಹೇಳುವವರು ಮಾತ್ರ ಬೇಕಾದಷ್ಟಿದ್ದರು.

ಸೋಮವಾರ ತೊಳೆದರು. ಕೆಂಪು ಅರ್ಧ ಹೋಯಿತು, ಬೆರಳು ಪೂರ್ತಿ ಉಳಿಯಿತು. ಆಮೇಲೆ ಶುರುವಾಯಿತು ನೋಡಿ ಪಂಡಿತರ ಮೆರವಣಿಗೆ. ಮಂಡಿಯ ಗುಮಾಸ್ತ ಸೀಮೆಎಣ್ಣೆ ಅಂದ. ಎದುರು ಮನೆಯವರು ಹಲ್ಲುಜ್ಜುವ ಪೇಸ್ಟು ಅಂದರು, ಅದೂ ಬಿಳಿಯದ್ದೇ ಆಗಬೇಕಂತೆ. ನಿಂಬೆಹಣ್ಣಿನ ಸಿಪ್ಪೆ ತಿಕ್ಕಿದವರೊಬ್ಬರು, ತೆಂಗಿನ ಜುಂಗಿಗೆ ಬೂದಿ ಹಚ್ಚಿ ಉಜ್ಜಿದವರು ಇನ್ನೊಬ್ಬರು. ಹಿತ್ತಾಳೆ ಕೊಡ ಅಂದುಕೊಂಡರೋ ಏನೋ. ಪ್ರತಿಯೊಬ್ಬರೂ ಉಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, ಈಗ ಎಷ್ಟೋ ವಾಸಿ ಅನ್ನುತ್ತಿದ್ದರು. ಕೊನೆಗೆ ವಿನಯ್ ಕುಮಾರ ಇಳಿದ. ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದ. ಪೂರ್ತಿ ನೋಡಿದ್ದರೆ ಬೇರೆ ಮಾತು, ಒಂದೂವರೆ ನಿಮಿಷ ನೋಡಿದ್ದ. ಮಂಡಿಯಲ್ಲಿ ಬಾಗಿಲು ಉಜ್ಜಲು ತಂದಿದ್ದ ಉಪ್ಪುಕಾಗದ ಹಿಡಿದು ಹಿಂದಿನ ಬಲಬಾಗಿಲಿನ ಮೇಲೆ ಶುರುಮಾಡಿದವನು, ಕೆಳಗಿನ ಬೂದುಬಣ್ಣ ಇಣುಕಿದ ಮೇಲೇ ನಿಲ್ಲಿಸಿದ. ಆ ಬಾಗಿಲಲ್ಲಿ ಬೆರಳು ಹೋಯಿತು, ಅದು ನಿಜ. ಬಾಗಿಲಿನ ಬಣ್ಣವೂ ಜೊತೆಗೇ ಹೋಯಿತು.

ಇಷ್ಟೆಲ್ಲ ಆದ ಮೇಲೆ ಅಪ್ಪ ಮಗ ಇಬ್ಬರಿಗೂ ಒಟ್ಟಿಗೇ ಜ್ಞಾನೋದಯವಾಯಿತು. ತಪ್ಪು ತಮ್ಮದಲ್ಲ, ಕಂಪನಿಯ ಬಣ್ಣದ್ದು. ವಿನಯ್ ಕುಮಾರ ಬೆರಳಿನ ಆಕಾರ ಕಾಣದ ಹಾಗೆ ತೀರ ಹತ್ತಿರದಿಂದ ಫೋಟೋ ಹೊಡೆದು, ಹೊಸ ಕಾರಿನ ಬಣ್ಣ ತಾನಾಗಿಯೇ ಮಂಕಾಗುತ್ತಿದೆ ಎಂದು ಶೋರೂಮಿಗೆ ದೂರು ಕಳಿಸಿದ. ಗುರುವಾರ ನಮ್ಮವರು ಬಂದು ನೋಡುತ್ತಾರೆ ಎಂದು ಅಲ್ಲಿಂದ ಉತ್ತರ ಬಂತು. ಮಂಗಳವಾರ ಬೆಳಿಗ್ಗೆ ಕಾರು ಜ್ಯೋತಿಯ ಶೆಡ್ಡಿಗೆ ಬಂತು.

ಜ್ಯೋತಿ ಕಾರಿಗೆ ಒಂದು ಸುತ್ತು ಹಾಕಿದಳು. ಬಗ್ಗಿ ನೋಡಿದಳು, ಉಗುರಿನ ಹಿಂಬದಿಯಿಂದ ಸವರಿದಳು. ಬಾನೆಟ್ಟು, ಮೂರು ಬಾಗಿಲು ಉಳಿಯುತ್ತವೆ ಅನ್ನಿಸಿತು. ಅಷ್ಟು ಜನ ಪಂಡಿತರು ಕೈಯಾಡಿಸಿದ್ದರೂ ಮೇಲಿನ ಪದರ ಇನ್ನೂ ಇತ್ತು. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ, ಹೊಳಪೆಲ್ಲ ಅದರದ್ದೇ. ನಾಲ್ಕನೆಯ ಬಾಗಿಲಲ್ಲಿ ಅದು ಇರಲೇ ಇಲ್ಲ. ಯಾರು ಇದನ್ನು ಉಜ್ಜಿದ್ದು ಅಂತ ಕೇಳಿದಳು. ವಿನಯ್ ಕುಮಾರ ಶೆಡ್ಡಿನ ತಗಡಿನ ಕಡೆ ನೋಡಿದ. ಉತ್ತರ ಸಿಕ್ಕಿತು.

ಪಂಚಾಕ್ಷರಪ್ಪನವರು ಗಾದ್ರಪ್ಪನ ಅಂಗಡಿಯಿಂದ ತರಿಸಿದ ಚಹಾ ಕುಡಿಯುತ್ತ, ದನಿ ತಗ್ಗಿಸಿ ಕೆಲಸ ಹೇಳಿದರು.

"ನೋಡವ್ವ ಜ್ಯೋತಿ, ಬೆರಳು ಹೋಗ್ಲಿ, ಮಂಕು ಇರ್ಲಿ. ಇಷ್ಟೇ. ಪೂರ್ತಿ ತೆಗಿಯಾಕೆ ಹೋಗಬ್ಯಾಡ."

ಜ್ಯೋತಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನಾ ಅಂತ ಅನುಮಾನ. ಏಳು ವರ್ಷದ ಕೆಲಸದಲ್ಲಿ ಕಲೆಯನ್ನು ಉಳಿಸು ಅಂತ ಕೇಳಿದ ಮೊದಲ ಗಿರಾಕಿ ಇವರು. ಯಾಕೆ ಅಂತ ಕೇಳಿದಳು. ಅವರು ತಾಳ್ಮೆಯಿಂದ, ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು. ಕೈ ಗುರುತು ಕಂಡರೆ ಕಂಪನಿಯವರು ಒಪ್ಪುವುದಿಲ್ಲ. ಬರೀ ಮಂಕು ಕಂಡರೆ ಬಣ್ಣವೇ ಕಳಪೆ ಅಂತ ಸಾಧಿಸಬಹುದು. ಆಗ ಬೇರೆ ಕಾರೇ ಬರುತ್ತದೆ. ಅವರು ಕೇಳಿದರೆ, ಮೊದಲನೇ ದಿನ ತೊಳೆದವಳು ನಾನೇ, ಅವತ್ತೇ ಮಂಕಿತ್ತು ಅಂತ ನೀನು ಒಂದು ಮಾತು ಹೇಳಿದರೆ ಸಾಕು. ನಿನ್ನ ಮಾತಿಗೆ ತೂಕ ಇದೆ, ಹೊನ್ನಾಳಿ ಜಗಳೂರಿನಿಂದೆಲ್ಲ ಜನ ಬರುತ್ತಾರಲ್ಲ ಎಂದು ಹೊಗಳಿದರು ಕೂಡ.

"ಅರ್ಧ ಕೆಲ್ಸ ಮಾಡಾಕೆ ನಂಗೆ ಬರಲ್ಲ ಸಾವ್ಕಾರ್ರೇ," ಅಂದಳು ಜ್ಯೋತಿ. "ಅವತ್ತು ನಾನು ಈ ಕಾರು ನೋಡೇ ಇಲ್ಲ."

ಅವರು ಅದನ್ನು ಸಂಕೋಚ ಅಂದುಕೊಂಡು ನಕ್ಕರು. "ಬರದಿದ್ರೆ ಕಲ್ತ್ಕ. ನಮ್ಮ ಮಂಡಿ ತಿಪ್ಪೇಶಿ ಮಗಳು ಅಂತ ಇಲ್ಲಿಗೆ ತಂದೀನಿ. ಇಲ್ದಿದ್ರೆ ಊರಾಗೆ ಬೇರೆಯೋರು ಇಲ್ವಾ."

ಜ್ಯೋತಿಯ ಅಪ್ಪ ತಿಪ್ಪೇಶಪ್ಪ ಹದಿನೆಂಟು ವರ್ಷ ಅವರ ಮಂಡಿಯಲ್ಲಿ ಚೀಲ ಹೊತ್ತಿದ್ದ. ಸತ್ತು ಆರು ವರ್ಷವಾದರೂ ಅವರ ಬಾಯಲ್ಲಿ ಇನ್ನೂ ತಿಪ್ಪೇಶಿಯೇ, ಅಪ್ಪ ಅನ್ನುವ ಎರಡಕ್ಷರ ಸೇರಿಸಲು ಆ ಬಾಯಿಗೆ ಭಾರ. ಜ್ಯೋತಿ ಬೀಗದ ಕೈ ಇಸಿದುಕೊಂಡಳು. ಯಾಕೆ ಇಸಿದುಕೊಂಡಳು ಅಂತ ಆಮೇಲೆ ಭೀಮಕ್ಕ ಬೈದಳು. ನಿಜ ಹೇಳಬೇಕೆಂದರೆ ಕಲೆಯ ಆಸೆಗೆ. ಹೊಸ ಬಣ್ಣದ ಮೇಲೆ ಕೂತ ಸುಣ್ಣದ ಚೊಗರನ್ನು ಅವಳು ಹಿಂದೆ ಎಂದೂ ಎಬ್ಬಿಸಿರಲಿಲ್ಲ. ಅದು ಅವಳನ್ನು ಕರೆಯುತ್ತಿತ್ತು.

ಎರಡು ದಿನ ಅವಳು ಬೇರೆ ಕಾರು ಮುಟ್ಟಲಿಲ್ಲ. ಮೊದಲು ನೆರಳಿಗೆ ತಂದು ಲೋಹ ತಣ್ಣಗಾಗುವ ತನಕ ಕಾದಳು. ನೀರು ಬೆರೆಸಿದ ವಿನೆಗರಿನಲ್ಲಿ ಹತ್ತಿ ನೆನೆಸಿ, ಬೆರಳಿನ ಗುರುತಿನ ಮೇಲೆ ಅಷ್ಟಷ್ಟೇ ಅಗಲಕ್ಕೆ ಇಟ್ಟು, ಗಡಿಯಾರ ನೋಡಿಕೊಂಡು ತೆಗೆದಳು. ಸುಣ್ಣ ಬಿಟ್ಟಿತು. ಆಮೇಲೆ ಮೆತ್ತನೆಯ ಜೇಡಿಯಂಥ ಮುದ್ದೆ ಸೋಪುನೀರಿನಲ್ಲಿ ಜಾರಿಸಿದಳು, ಸಿಕ್ಕಿಕೊಂಡಿದ್ದ ಬೂದಿಯ ಕಣ ಎದ್ದು ಬಂತು. ಚೊಗರು ಹಟಮಾರಿ. ಅದಕ್ಕೆ ಸ್ಪಂಜಿನ ಬಿಲ್ಲೆ ಹಾಕಿದ ಮೆಷಿನ್ನು, ತುಸುವೇ ಪಾಲಿಶ್, ತೀರ ನಿಧಾನದ ಸುತ್ತು. ಒಂದು ಅಂಗೈಯಗಲಕ್ಕೆ ಅರ್ಧ ಗಂಟೆ. ನಡುನಡುವೆ ಕೈಯ ಹಿಂಬದಿ ಇಟ್ಟು ಬಿಸಿ ನೋಡುವುದು, ಒರೆಸುವುದು, ಬೆಳಕು ಓರೆಯಾಗಿ ಬೀಳುವ ಹಾಗೆ ನಿಂತು ನೋಡುವುದು. ಬುಧವಾರ ಸಂಜೆಯ ಹೊತ್ತಿಗೆ ಬಾನೆಟ್ಟಿನಲ್ಲಿ ಎದುರಿನ ಗಾದ್ರಪ್ಪನ ಅಂಗಡಿಯ ಬೋರ್ಡು ತಲೆಕೆಳಗಾಗಿ ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮೂರು ಬಾಗಿಲೂ ಹಾಗೆಯೇ. ನಾಲ್ಕನೆಯದನ್ನು ಅವಳು ಮುಟ್ಟಲಿಲ್ಲ. ಅಲ್ಲಿ ಪಾಲಿಶ್ ಮಾಡಲು ಏನೂ ಉಳಿದಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ದಾವಣಗೆರೆಯಿಂದ ಶೋರೂಮಿನವನು ಶೆಡ್ಡಿಗೇ ಬಂದ, ಇಸ್ತ್ರಿ ಅಂಗಿಯ, ಕೈಯಲ್ಲಿ ಟ್ಯಾಬ್ ಹಿಡಿದ ತೆಳ್ಳನೆಯ ಮನುಷ್ಯ. ಅವನ ಹಿಂದೆಯೇ ಅಪ್ಪ ಮಗ. ಗಾದ್ರಪ್ಪನ ಅಂಗಡಿಯಲ್ಲಿ ಕೂತಿದ್ದ ಏಳೆಂಟು ಜನ ಲೋಟ ಹಿಡಿದೇ ರಸ್ತೆ ದಾಟಿ ಬಂದರು, ಅವರಿಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದೂ ಇರಲಿಲ್ಲ. ಪಂಚಾಕ್ಷರಪ್ಪನವರು ಬಾನೆಟ್ಟು ನೋಡಿದರು, ಮುಖ ಹುಳಿ ತಿಂದ ಹಾಗಾಯಿತು. ಅಷ್ಟು ಹೊಳಪು ಅವರಿಗೆ ಬೇಕಿರಲಿಲ್ಲ.

ಶೋರೂಮಿನವನು ಎಲ್ಲಿ ಸಾರ್ ಮಂಕು ಅಂದ. ಯಜಮಾನರು ಉಳಿದ ಒಂದೇ ಆಸರೆಯನ್ನು ತೋರಿಸಿದರು, ಹಿಂದಿನ ಬಲಬಾಗಿಲು. ಬಣ್ಣ ತಾನಾಗಿಯೇ ಕಳಚಿ ಹೋಗಿದೆ ಅಂದರು. ಅವನು ಬೆರಳಾಡಿಸಿ, ಇದು ತಾನಾಗಿ ಹೋದದ್ದಲ್ಲ, ಯಾರೋ ಉಜ್ಜಿದ್ದಾರೆ ಅಂದ. ನೆರೆದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಒಂದು ನಗುವೇ ಸಾಕಾಯಿತು. ಊರಲ್ಲಿ ತಲೆಯೆತ್ತಿ ತಿರುಗುವ ದೊಡ್ಡ ಮನುಷ್ಯರು ಎಡಕ್ಕೂ ಬಲಕ್ಕೂ ನೋಡಿ, ಕೈಗೆ ಸಿಕ್ಕವರ ಕಡೆ ಬೆರಳು ತೋರಿಸಿದರು.

"ಈಕೀನೇ. ತೊಳಿ ಅಂತ ಕೊಟ್ರೆ ಮೆಷಿನ್ ಹಿಡಿದು ಬಣ್ಣ ಸುಟ್ಟು ಇಟ್ಟಾಳೆ."

ಜ್ಯೋತಿ ವಿನಯ್ ಕುಮಾರನ ಮುಖ ನೋಡಿದಳು. ಅವನು ಮೊಬೈಲು ತೆಗೆದು, ಅದರಲ್ಲಿ ಬಹಳ ಅಗತ್ಯವಾದದ್ದೇನನ್ನೋ ಓದತೊಡಗಿದ. ಅವಳು ಶೋರೂಮಿನವನ ಕಡೆ ತಿರುಗಿದಳು.

"ಸಾರ್, ಮೆಷಿನ್ ಸುತ್ತುತೈತೆ. ಅದು ಸುಟ್ರೆ ಗುಂಡಗೆ ಸುಡ್ತೈತೆ. ಈ ಗೆರೆ ನೋಡ್ರಿ, ಮೇಲಿಂದ ಕೆಳಕ್ಕೆ ನೆಟ್ಟಗವೆ. ಇದು ಕೈಯಾಗೆ ಹಿಡಿದ ಉಪ್ಪುಕಾಗದ."

ಅವನು ಬಗ್ಗಿ ನೋಡಿದ. ಗೆರೆ ನೋಡಿದ, ವಿನಯ್ ಕುಮಾರನನ್ನು ನೋಡಿದ, ಮತ್ತೆ ಗೆರೆ ನೋಡಿದ. ಎಲ್ಲ ತಿಳಿಯಿತು ಅನ್ನುವುದು ಅವನ ಹುಬ್ಬಿನಲ್ಲೇ ಕಂಡಿತು. ಆದರೆ ಈ ಮನೆಯವರು ಮುಂದಿನ ವರ್ಷ ಮಂಡಿಗೆ ಇನ್ನೊಂದು ಗಾಡಿ ತೆಗೆದುಕೊಳ್ಳುವವರು. ಇದು ವಾರಂಟಿಗೆ ಬರುವುದಿಲ್ಲ ಸಾರ್ ಎಂದಷ್ಟೇ ಹೇಳಿ, ಟ್ಯಾಬಿನಲ್ಲಿ ಏನೋ ಒತ್ತಿ, ಚಹಾ ಕೂಡ ಕುಡಿಯದೆ ಹೊರಟುಹೋದ. ನಿಜವನ್ನು ಬಲ್ಲ ವಿದ್ಯಾವಂತರು ಅದನ್ನು ಬಾಯಿಂದ ಹೊರಗೆ ಬಿಡದೆ ಜೋಪಾನ ಮಾಡುವುದು ಹೀಗೆ.

ಲೋಟ ಹಿಡಿದು ಬಂದಿದ್ದ ಏಳೆಂಟು ಜನಕ್ಕೆ ಉಳಿದದ್ದು ಒಂದೇ ಮಾತು, ಜ್ಯೋತಿ ಬಣ್ಣ ಸುಟ್ಟಳು. ಅವರು ಅದನ್ನು ಗಾದ್ರಪ್ಪನ ಅಂಗಡಿಗೆ ಹೊತ್ತು ತಂದರು, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಯಿತು, ಸಂತೆಯ ದಿನ ಸಂತೇಬೆನ್ನೂರು ತಲುಪಿತು. ವಾರ ಕಳೆಯುವುದರೊಳಗೆ ಸುಟ್ಟದ್ದು ಒಂದು ಬಾಗಿಲಲ್ಲ, ಇಡೀ ಕಾರು ಅಂತಾಯಿತು. ಜ್ಯೋತಿ ಯಾರಿಗೂ ವಿವರಿಸಲು ಹೋಗಲಿಲ್ಲ. ಭೀಮಕ್ಕ ಎರಡು ಮೂರು ಕಡೆ ಹೇಳಿ ನೋಡಿದಳು, ಹೆತ್ತವಳು ಹಾಗನ್ನದೆ ಇನ್ನೇನು ಅಂತಾಳೆ ಎಂದು ಜನ ತಲೆಯಾಡಿಸಿದರು. ಹೊನ್ನಾಳಿಯ ಡಾಕ್ಟರು ದೀಪಾವಳಿಗೆ ಮುಂಚೆ ಬರುತ್ತೇನೆ ಎಂದಿದ್ದವರು ಬರಲಿಲ್ಲ. ಕತ್ತಲಗೆರೆಯ ಕಡೆಯಿಂದ ಬರುತ್ತಿದ್ದ ಎರಡು ಕಾರು ಅವಳ ಶೆಡ್ಡು ದಾಟಿಕೊಂಡು ಮುಂದೆ ಹೋದವು. ಶಾಂತಾದೇವಿ ಮೇಡಂ ಮಾತ್ರ ಜಗಳೂರಿನಿಂದ ಬಂದರು. ಕಾರಿನಿಂದ ಇಳಿಯುತ್ತಲೇ ಬಹಳ ಪ್ರೀತಿಯಿಂದಲೇ ಹೇಳಿದರು.

"ಜ್ಯೋತಿ, ಬರೀ ನೀರು ಹೊಡೆದುಬಿಡಮ್ಮ ಸಾಕು. ಮೆಷಿನ್ ಮುಟ್ಟಿಸೋದು ಬೇಡ."

ಪಂಚಾಕ್ಷರಪ್ಪನವರು ಕೂಗಿದ್ದು ಅವಳಿಗೆ ಅಷ್ಟು ನಾಟಿರಲಿಲ್ಲ. ಇದು ನಾಟಿತು. ಅವತ್ತು ಅವಳು ನೀರು ಹೊಡೆದಳು, ಒರೆಸಿದಳು, ಮೇಡಂ ಹೋದ ಮೇಲೆ ಮೆಷಿನ್ನಿನ ಸ್ಪಂಜಿನ ಬಿಲ್ಲೆಗಳನ್ನೆಲ್ಲ ತೊಳೆದು ಒಣಹಾಕಿ, ಮಧ್ಯಾಹ್ನ ಊಟ ಮಾಡದೆ ಕೂತಳು.

ದೀಪಾವಳಿಗೆ ಮೂರು ದಿನ ಇತ್ತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಲೇಬೇಕಲ್ಲ. ರಮ್ಯಶ್ರೀ ಆಗಲೇ ನ್ಯಾಮತಿ ಸೇರಿದ್ದಳು. ಅಳಿಯ ಕಾರಿನಲ್ಲಿ ಬಂದರೆ ಅಳಿಯನಿಗೂ ಕಾರಿಗೂ ಒಟ್ಟಿಗೇ ಆರತಿ ಎತ್ತುತ್ತೇವೆ ಎಂದು ಮಾವ ಓಣಿಗೆಲ್ಲ ಹೇಳಿಟ್ಟಿದ್ದರಂತೆ. ತಾವು ಕೊಡಿಸಿ ಮೂರು ವಾರವಾಗಿಲ್ಲ, ಬಾಗಿಲು ಬೂದಿ ಬಳಿದ ಹಾಗೆ ಯಾಕಿದೆ ಎಂದು ಅವರು ಕೇಳದೆ ಇರುತ್ತಾರಾ? ಅಪ್ಪ ಮಗ ದಾವಣಗೆರೆಯ ಪೇಂಟಿಂಗ್ ಶಾಪುಗಳಿಗೆ ಅಲೆದರು. ಎಲ್ಲರದೂ ಒಂದೇ ಉತ್ತರ, ಹಬ್ಬ ಮುಗಿಸಿಕೊಂಡು ಬನ್ನಿ.

ಹೀಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಕಾರು ಮತ್ತೆ ಜ್ಯೋತಿಯ ಶೆಡ್ಡಿನ ಮುಂದೆ ಬಂದು ನಿಂತಿತು. ಪಂಚಾಕ್ಷರಪ್ಪನವರು ಬಂದಿರಲಿಲ್ಲ, ಅವರಿಗೆ ಕೆಲಸವಿತ್ತಂತೆ. ವಿನಯ್ ಕುಮಾರ ಬಂದಿದ್ದ. ಹಿಂದಿನ ಸೀಟಿನಲ್ಲಿ ಸರ್ವಮಂಗಳಮ್ಮ ಕೂತಿದ್ದರು. ತಾನೂ ಬರುತ್ತೇನೆ ಅಂತ ಹಟ ಹಿಡಿದು ಬಂದವರು.

ವಿನಯ್ ಕುಮಾರ ಏನೂ ಆಗಿಲ್ಲದವನ ಹಾಗೆ, ಈ ಬಾಗಿಲಿಗೆ ಪೇಂಟ್ ಆಗಬೇಕು, ನಾಳೆ ಸಂಜೆಯೊಳಗೆ ಕೊಡು ಅಂದ. ಅಪ್ಪ ಹೇಳಿ ಕಳಿಸಿದ್ದಾರೆ ಅನ್ನುವುದನ್ನೂ ಸೇರಿಸಿದ, ಅದೊಂದು ಪ್ರಸಾದ ಅನ್ನುವ ಹಾಗೆ. ಸುಟ್ಟವಳ ಹತ್ತಿರವೇ ಮತ್ತೆ ತರುತ್ತಾರಲ್ಲ, ಇವರ ಧೈರ್ಯ ಮೆಚ್ಚಬೇಕು.

ಜ್ಯೋತಿ ಆಗುತ್ತದೆ ಅಂದಳು. ನಾಳೆ ಸಂಜೆಯೊಳಗೇ ಆಗುತ್ತದೆ, ಗುರುತು ಸಿಗದ ಹಾಗೆ ಆಗುತ್ತದೆ. ಆದರೆ ಒಂದು ಕೆಲಸ ಮೊದಲು ಆಗಬೇಕು.

"ಎದುರಿಗೆ ಗಾದ್ರಪ್ಪಣ್ಣನ ಅಂಗಡಿಗೆ ಹೋಗಿ, ಈ ಬಾಗಿಲು ಉಜ್ಜಿದ್ದು ನಾನು, ಜ್ಯೋತಿ ಅಲ್ಲ ಅಂತ ಹೇಳಿ ಬರ್ರಿ ವಿನಯಣ್ಣ. ನಾನು ಅಷ್ಟ್ರಾಗೆ ಬಣ್ಣ ಕಲಸ್ತೀನಿ."

ವಿನಯ್ ಕುಮಾರ ರಸ್ತೆಯಾಚೆ ನೋಡಿದ. ಅಂಗಡಿಯ ಮುಂದಿನ ಬೆಂಚಿನಲ್ಲಿ ಅವತ್ತಿನ ಅದೇ ಜನ, ಅದೇ ಲೋಟ. ಅವನು ಪಕ್ಕಕ್ಕೆ ಹೋಗಿ ಅಪ್ಪನಿಗೆ ಫೋನು ಮಾಡಿದ. ಆ ಕಡೆಯ ದನಿ ಇಷ್ಟು ದೂರಕ್ಕೂ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ತಿರುಗಿ ಬಂದವನ ಕಿವಿ ಕೆಂಪಾಗಿತ್ತು. ಬೇರೆ ಏನಾದರೂ ಮಾಡಬಹುದಾ ಎಂದು ಯೋಚಿಸಿ ಒಂದು ಉಪಾಯ ತೆಗೆದ.

"ವಾಟ್ಸಾಪ್ ಸ್ಟೇಟಸ್ ಹಾಕ್ತೀನಿ ಜ್ಯೋತಿ. ಬೆಸ್ಟ್ ವಾಟರ್ ಸರ್ವಿಸ್ ಇನ್ ಚನ್ನಗಿರಿ ಅಂತ. ಫೋಟೋ ಹಾಕಿ ಹಾಕ್ತೀನಿ."

"ಹೆಸ್ರು ಕೆಡಿಸಿದ್ದು ಬಾಯಾಗೆ. ಕೊಡೋದೂ ಬಾಯಾಗೇ ಕೊಡ್ರಿ."

ಅವನು ಬಾನೆಟ್ಟಿಗೆ ಒರಗಿ ನಿಂತ. ಐದು ನಿಮಿಷ ನಿಂತ, ಹತ್ತು ನಿಮಿಷ ನಿಂತ. ಉಪ್ಪುಕಾಗದ ಹಿಡಿದಾಗ ಆ ಕೈಗೆ ಇದ್ದ ಉತ್ಸಾಹದ ಕಾಲುಭಾಗ ಈಗ ಕಾಲಿಗೆ ಬಂದಿದ್ದರೆ ಆ ಹನ್ನೆರಡು ಹೆಜ್ಜೆ ರಸ್ತೆಯನ್ನು ಎರಡು ಸಲ ದಾಟಿ ಬರಬಹುದಿತ್ತು.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಸರ್ವಮಂಗಳಮ್ಮ ಕೋಲು ಊರಿಕೊಂಡು ಮೆಲ್ಲಗೆ ಇಳಿದರು. ಎಲ್ಲ ಕೇಳಿಸಿಕೊಂಡಿದ್ದರು. ಮೊಮ್ಮಗ ಓಡಿಬಂದು ನೀನ್ಯಾಕೆ ಇಳಿದೆ ಅಂದರೆ, ಅವನ ಕೈಯನ್ನು ಕೋಲಿನಿಂದ ಬದಿಗೆ ತಳ್ಳಿದರು. ಜ್ಯೋತಿಯ ಹತ್ತಿರ ಬಂದು, ಇದಕ್ಕೆಲ್ಲ ಮೂಲ ನನ್ನ ಕೈಯೇ ಮಗಾ ಅಂದರು.

"ನಿಮ್ಮ ಕೈದು ಹೋಗೈತೆ ಅಜ್ಜಿ," ಅಂದಳು ಜ್ಯೋತಿ. "ಉಳಿದಿದ್ದು ಬ್ಯಾರೆಯೋರದು."

"ಅವ್ರು ಹೇಳಲ್ಲ. ನಂಗೊತ್ತು, ನಾನು ಹೆತ್ತೀನಲ್ಲ. ನಾನು ಹೇಳಿ ಬರ್ತೀನಿ, ನಡಿ."

ವಿನಯ್ ಕುಮಾರ ಅಡ್ಡ ಬಂದ. ಈ ವಯಸ್ಸಿನಲ್ಲಿ ಚಹಾದಂಗಡಿಗೆ ಹೋಗಿ ನಿಲ್ಲುವುದಾ, ನೋಡಿದವರು ಏನಂದಾರು ಅಂದ. ಆಗ ಅವನಿಗೆ ನಾಚಿಕೆಯಾಗುತ್ತಿತ್ತು. ಆದದ್ದು ಮಾತ್ರ ತಪ್ಪು ಜಾಗದಲ್ಲಿ. ಅವನು ಜ್ಯೋತಿಗೆ ಕೈ ಮುಗಿಯುವವನ ಹಾಗೆ ನೋಡಿ, ಬೇಡ ಅನ್ನು ಅಂತ ಸನ್ನೆ ಮಾಡಿದ. ಭೀಮಕ್ಕ ಕೂಡ ಒಳಗಿನಿಂದ ಬಂದು ಮಗಳ ತೋಳು ಹಿಡಿದಳು. ಬಿಡೇ, ಮುದುಕಿಯ ಕೈಲಿ ಹೇಳಿಸಿ ನಮಗೇನು ಬರಬೇಕು, ಬಾಗಿಲಿಗೆ ಬಣ್ಣ ಹೊಡೆದು ಕಳಿಸಿಬಿಡು ಎಂದು ಕಿವಿಯಲ್ಲಿ ಅಂದಳು.

ಜ್ಯೋತಿ ಒಂದು ಕ್ಷಣ ನಿಂತಳು. ಬೇಡ ಅಜ್ಜಿ ಅಂದುಬಿಟ್ಟರೆ ಆಯಿತು. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುತ್ತಾಳೆ. ಮುಂದಿನ ವರ್ಷವೂ ಅದರ ಮುಂದಿನ ವರ್ಷವೂ ಬಣ್ಣ ಸುಟ್ಟ ಒಳ್ಳೆಯ ಹುಡುಗಿಯಾಗಿಯೇ ಇರುತ್ತಾಳೆ. ಆಮೇಲೆ ಅವಳು ಅವ್ವನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಸರ್ವಮಂಗಳಮ್ಮನವರ ಮುಂಗೈ ಹಿಡಿದಳು. ಎರಡೂ ಕಡೆ ನೋಡಿ, ಅಡಿಕೆ ಚೀಲದ ಲಾರಿಯೊಂದು ಹೋಗುವ ತನಕ ಕಾದು, ನಿಧಾನವಾಗಿ ರಸ್ತೆ ದಾಟಿಸಿದಳು.

ಬೆಂಚಿನಲ್ಲಿದ್ದವರು ಎದ್ದು ನಿಂತರು. ಗಾದ್ರಪ್ಪ ಒಲೆ ಸಣ್ಣ ಮಾಡಿದ. ಸರ್ವಮಂಗಳಮ್ಮ ಕೂರಲಿಲ್ಲ. ಚೊಗರು ಒತ್ತಿದ್ದು ತಾನು, ಒತ್ತಿಸಿದ್ದು ಮಗ, ಬಣ್ಣ ಕಿತ್ತದ್ದು ಮೊಮ್ಮಗ, ಈ ಹುಡುಗಿ ಮುಟ್ಟಿದ ಮೂರು ಬಾಗಿಲು ಹೆಂಗವೆ ಅಂತ ಹೋಗಿ ನೋಡ್ಕಂಡು ಬರ್ರಿ ಅಂದರು. ಉಸಿರು ತೆಗೆದುಕೊಳ್ಳಲು ಎರಡು ಸಲ ನಿಲ್ಲಿಸಬೇಕಾಯಿತು. ಹೇಳಿ ಮುಗಿಸುವಾಗ ಅವರ ಕಣ್ಣಲ್ಲಿ ನೀರಿತ್ತು. ಜ್ಯೋತಿ ಪಕ್ಕದಲ್ಲೇ ನಿಂತಿದ್ದಳು, ತಲೆ ತಗ್ಗಿಸಲಿಲ್ಲ.

ಬಾಗಿಲಿಗೆ ಬಣ್ಣವಾಯಿತು. ಮರುದಿನ ಸಂಜೆ ಕಾರು ಹೋಯಿತು, ನ್ಯಾಮತಿಯಲ್ಲಿ ಆರತಿಯೂ ಆಯಿತಂತೆ. ಹಬ್ಬ ಮುಗಿದ ಮೇಲೆ ಹೊನ್ನಾಳಿಯ ಡಾಕ್ಟರು ಬಂದರು. ಶಾಂತಾದೇವಿ ಮೇಡಂ ಫೋನು ಮಾಡಿ, ಮುಂದಿನ ಸಲ ಮೆಷಿನ್ನೂ ಮಾಡಿಬಿಡಮ್ಮ ಅಂದರು.

ಆದರೆ ನಮ್ಮ ಊರು ಸುಮ್ಮನಿರುತ್ತದಾ? ಅವತ್ತು ಜ್ಯೋತಿ ಬಣ್ಣ ಸುಟ್ಟಳು ಅಂದ ಬಾಯಿಗಳೇ ಈಗ ಬೇರೆ ರಾಗ ಎತ್ತಿವೆ. ಎಂಬತ್ತು ದಾಟಿದ ಹಿರಿಯ ಜೀವವನ್ನು ಚಹಾದಂಗಡಿಯಲ್ಲಿ ನಿಲ್ಲಿಸಿ ಅಳಿಸಿದಳಲ್ಲ, ಎಂಥ ಕಲ್ಲು ಮನಸ್ಸಿನವಳು ಅಂತ. ಪಂಚಾಕ್ಷರಪ್ಪನವರಂತೂ ಎಲ್ಲಿ ಹೋದರೂ ಇದನ್ನೇ ಹೇಳುತ್ತಿದ್ದಾರೆ, ತಾಯಿಯ ಮೇಲೆ ಅವರಿಗೆ ಇಷ್ಟು ಪ್ರೀತಿ ಇತ್ತು ಅಂತ ಊರಿಗೆ ಗೊತ್ತಾದದ್ದೇ ಈಗ. ಮಗನಾಗಲಿ ಮೊಮ್ಮಗನಾಗಲಿ ಎದ್ದು ಹೋಗಿ ಆ ನಾಲ್ಕು ಮಾತು ಹೇಳಿದ್ದರೆ ಅಜ್ಜಿ ಕಾರಿನಿಂದ ಇಳಿಯಬೇಕಿರಲಿಲ್ಲ ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ.

ಪೂರ್ತಿ ಕೇಳಿದಿರಲ್ಲ, ಈಗ ನೀವೇ ಹೇಳಿ. ಆ ಅಜ್ಜಿ ಕೋಲು ಊರಿಕೊಂಡು ರಸ್ತೆಯ ಅಂಚಿಗೆ ಬಂದು ನಿಂತಾಗ ಜ್ಯೋತಿಯ ಜಾಗದಲ್ಲಿ ನೀವಿದ್ದಿದ್ದರೆ ಅವರನ್ನು ತಡೆಯುತ್ತಿದ್ದಿರಾ, ಇಲ್ಲ ಕೈ ಹಿಡಿದು ದಾಟಿಸುತ್ತಿದ್ದಿರಾ?